ಹಳೆಯ ಫೋರ್ಟ್ರಾನ್ ಪ್ರೋಗ್ರಾಂನಲ್ಲಿ ಕಂಪೈಲರ್ ದೋಷ: ಪತ್ತೆಯ ಕ್ರಮ ಮತ್ತು ಬಳಸುದಾರಿಯ ಆಯ್ಕೆ

ಫೋರ್ಟ್ರಾನ್ 77ರಲ್ಲಿ ಬರೆದು ವರ್ಷಗಟ್ಟಲೆ ಸರಿಯಾದ ಉತ್ತರ ಕೊಡುತ್ತಿದ್ದ ಪ್ರೋಗ್ರಾಂ ಹೊಸ ಕಂಪೈಲರ್‌ಗೆ ಹೋದ ಕೂಡಲೇ ತಪ್ಪು ಲೆಕ್ಕ ಕೊಡತೊಡಗಿದರೆ, ಅಥವಾ ವೇಗಕ್ಕಾಗಿ ಕೋಡ್ ಅನ್ನು ಮರುಜೋಡಿಸುವ ಆಪ್ಟಿಮೈಸೇಶನ್ ಬಹುತೇಕ ಇಲ್ಲದ ‘ಓ0’ ಮಟ್ಟದಲ್ಲಿ ನೆಟ್ಟಗೆ ಓಡಿ, ಅದು ಹೆಚ್ಚಿರುವ ‘ಓ2’ ಮಟ್ಟದಲ್ಲಿ ಅರ್ಧಕ್ಕೆ ಕುಸಿದರೆ, ಅನುಮಾನ ಮೊದಲು ಕಂಪೈಲರ್‌ನತ್ತ ಹೊರಳುತ್ತದೆ. ಆ ಅನುಮಾನ ಕೆಲವೊಮ್ಮೆ ನಿಜವೂ ಆಗಿರುತ್ತದೆ. ಆದರೆ ಭಾಷೆಯ ನಿಯಮ ಮುರಿದಿದ್ದ ಸಾಲೊಂದನ್ನು ಹಿಂದಿನ ಕಂಪೈಲರ್ ಸಹಿಸಿಕೊಂಡಿತ್ತು, ಹೊಸದು ಸಹಿಸುತ್ತಿಲ್ಲ ಎಂಬುದೇ ಹಳೆಯ ಕೋಡ್‌ನ ಹೆಚ್ಚಿನ ಪ್ರಕರಣಗಳ ಒಳಗುಟ್ಟು. ಎರಡರಲ್ಲೂ ಹೊರಗೆ ಕಾಣುವ ಲಕ್ಷಣ ಒಂದೇ. ಮಾಡಬೇಕಾದ ಕೆಲಸ ಮಾತ್ರ ಬೇರೆ. ಕಂಪೈಲರ್‌ನದೇ ತಪ್ಪಾಗಿದ್ದರೆ ಬಳಸುದಾರಿ (ದೋಷವನ್ನು ಸುತ್ತಿ ಹೋಗುವ ತಾತ್ಕಾಲಿಕ ಉಪಾಯ) ಹಿಡಿದು ಕಂಪೈಲರ್ ದುರಸ್ತಿಯಾಗುವವರೆಗೆ ಕಾಯಬಹುದು. ಕೋಡ್‌ನ ತಪ್ಪಾಗಿದ್ದರೆ ಬಳಸುದಾರಿಯು ಆ ತಪ್ಪನ್ನು ಮುಚ್ಚಿಡುತ್ತದೆಯೇ ಹೊರತು ತೆಗೆಯುವುದಿಲ್ಲ, ಮತ್ತು ಮುಂದಿನ ಆವೃತ್ತಿಯಲ್ಲಿ ಅದೇ ತಪ್ಪು ಇನ್ನೊಂದು ಕಡೆ ತಲೆಯೆತ್ತುತ್ತದೆ. ಹೀಗಾಗಿ ಈ ಬರಹದ ಬಹುಭಾಗ ತಪ್ಪು ಯಾರದೆಂದು ತೀರ್ಮಾನಿಸುವ ಕೆಲಸಕ್ಕೇ ಮೀಸಲಾಗಿದೆ.

ಉದಾಹರಣೆಗಳೆಲ್ಲ ಜಿಸಿಸಿ ಎಂಬ ಮುಕ್ತ ಕಂಪೈಲರ್‌ಗಳ ಕುಟುಂಬದ ಜಿಫೋರ್ಟ್ರಾನ್ ಅನ್ನು ಮುಂದಿಟ್ಟುಕೊಂಡಿವೆ. ಆಯ್ಕೆಗಳ ಹೆಸರನ್ನು ಉಚ್ಚಾರದಂತೆ ಬರೆದಿದೆ. ಆಜ್ಞಾಸಾಲಿನಲ್ಲಿ ಅವುಗಳ ಮುಂದೆ ಅಡ್ಡಗೆರೆ ಸೇರಿಸಬೇಕು.

ಕಂಪೈಲರ್ ತಾನೇ ಕುಸಿದಾಗ

ಇದು ಎಲ್ಲಕ್ಕಿಂತ ಸುಲಭದ ಸಂದರ್ಭ. ‘ಇಂಟರ್ನಲ್ ಕಂಪೈಲರ್ ಎರರ್’ ಎಂಬ ಸಂದೇಶ ಬಂದರೆ ವಾದಕ್ಕೆ ಆಸ್ಪದವೇ ಇಲ್ಲ, ಏಕೆಂದರೆ ಕೋಡ್ ಎಷ್ಟೇ ಕೆಟ್ಟದಾಗಿದ್ದರೂ ಕಂಪೈಲರ್ ಒಂದು ದೋಷಸಂದೇಶ ಕೊಟ್ಟು ನಿಲ್ಲಬೇಕೇ ಹೊರತು ತಾನೇ ಮುರಿದುಬೀಳಬಾರದು. ಸಂದೇಶದಲ್ಲಿರುವ ಸಾಲಿನ ಸಂಖ್ಯೆಯಿಂದ ಆರಂಭಿಸಿ, ಆ ಹೇಳಿಕೆಯನ್ನು ಎರಡಾಗಿ ಒಡೆದರೆ ಅಥವಾ ಆ ಒಂದು ಫೈಲ್‌ನ ಆಪ್ಟಿಮೈಸೇಶನ್ ಮಟ್ಟ ಇಳಿಸಿದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ. ಒಂದು ಎಚ್ಚರ ಮಾತ್ರ ಬೇಕು: ‘ಕಿಲ್ಡ್’ ಎಂಬ ಒಂದೇ ಪದ ಕಂಡು ಕೆಲಸ ನಿಂತಿದ್ದರೆ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಂ ಕಂಪೈಲರ್ ಅನ್ನು ಕೊನೆಗೊಳಿಸಿರುವ ಸಾಧ್ಯತೆ ಹೆಚ್ಚು. ಬಹು ದೊಡ್ಡ ಅರೇಗಳಿಗೆ ‘ಡೇಟಾ’ ಹೇಳಿಕೆಯಲ್ಲೇ ಆರಂಭಿಕ ಬೆಲೆ ತುಂಬಿದ ಫೈಲ್‌ಗಳಲ್ಲಿ ಹೀಗಾಗುತ್ತದೆ. ಆ ಬೆಲೆಗಳನ್ನು ಪ್ರೋಗ್ರಾಂ ಶುರುವಾದ ಮೇಲೆ ಫೈಲ್‌ನಿಂದ ಓದಿಸುವುದೇ ಇದಕ್ಕೆ ಮದ್ದು.

ಇನ್ನು ಮುಂದಿನದೆಲ್ಲ ಕಂಪೈಲ್ ಆಗಿಯೂ ತಪ್ಪಾಗಿ ಓಡುವ ಪ್ರೋಗ್ರಾಂಗೆ ಸಂಬಂಧಿಸಿದ್ದು.

ಮೊದಲು ದೋಷವನ್ನು ಕಟ್ಟಿಹಾಕುವುದು

ಕಂಪೈಲರ್‌ನ ಆವೃತ್ತಿ, ಪ್ರೊಸೆಸರ್‌ನ ಬಗೆ, ಬಳಸಿದ ಆಯ್ಕೆಗಳು, ಲಿಂಕ್ ಆದ ಲೈಬ್ರರಿಗಳು, ದೋಷ ತೋರಿಸುವ ಅತಿ ಚಿಕ್ಕ ಇನ್‌ಪುಟ್, ಬಂದ ಉತ್ತರ, ಬರಬೇಕಾದ ಉತ್ತರ ಇಷ್ಟನ್ನೂ ಕೋಡ್‌ಗೆ ಕೈ ಹಚ್ಚುವ ಮೊದಲೇ ಬರೆದಿಡಬೇಕು. ಇವುಗಳಲ್ಲಿ ಕೊನೆಯದೇ ಕಷ್ಟದ್ದು. ಹಳೆಯ ಕಂಪೈಲರ್‌ನಿಂದ ಬಂದ ಉತ್ತರವೇ ಪ್ರಮಾಣ ಎಂದು ಹಿಡಿಯುವ ರೂಢಿಯಿದೆ, ಆದರೆ ಅದು ಪ್ರಮಾಣವಲ್ಲ, ಕೇವಲ ಪರಿಚಿತ. ಸಾಧ್ಯವಿದ್ದರೆ ಕೈಲೆಕ್ಕದಿಂದ ಉತ್ತರ ಗೊತ್ತಿರುವ ಒಂದು ಪುಟ್ಟ ಪ್ರಕರಣವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ವ್ಯತ್ಯಾಸ ಎಷ್ಟು ದೊಡ್ಡದೆಂಬುದೂ ಬಹಳಷ್ಟು ಹೇಳುತ್ತದೆ. ಡಬಲ್ ಪ್ರಿಸಿಷನ್ ಸಂಖ್ಯೆಗಳು ಹದಿನೈದು ಹದಿನಾರನೆಯ ಅಂಕಿಯಲ್ಲಿ ಮಾತ್ರ ಬೇರೆಯಾಗಿದ್ದರೆ ಅದು ದೋಷವಲ್ಲ, ಲೆಕ್ಕ ಮಾಡಿದ ಕ್ರಮ ಬದಲಾದದ್ದರ ಫಲ. ಗುಣಾಕಾರವನ್ನೂ ಸಂಕಲನವನ್ನೂ ಒಂದೇ ಸೂಚನೆಯಲ್ಲಿ, ನಡುವೆ ದುಂಡಾಗಿಸದೆ ಮುಗಿಸುವ ಎಫ್‌ಎಂಎ ಸೂಚನೆ ಪ್ರೊಸೆಸರ್‌ನಲ್ಲಿದ್ದು, ಅದನ್ನು ಬಳಸಲು ಆಯ್ಕೆಗಳು ಅವಕಾಶ ಕೊಟ್ಟಿದ್ದರೆ, ಜಿಸಿಸಿ ತಾನಾಗಿಯೇ ಅದನ್ನು ಬಳಸುತ್ತದೆ. 64 ಬಿಟ್‌ನ ಇಂಟೆಲ್ ಬಗೆಯ ಯಂತ್ರದಿಂದ ಆರ್ಮ್ ಯಂತ್ರಕ್ಕೆ ಹೋದಾಗ ಕೊನೆಯ ಅಂಕಿಗಳು ಕದಲುವುದು ಹೆಚ್ಚಾಗಿ ಇದರಿಂದಲೇ. ‘ಎಫ್‌ಎಫ್‌ಪಿ-ಕಾಂಟ್ರಾಕ್ಟ್=ಆಫ್’ ಎಂಬ ಆಯ್ಕೆ ಕೊಟ್ಟ ಮೇಲೆ ಹಳೆಯ ಅಂಕಿಗಳು ಮರಳಿದರೆ ವಿಷಯ ಅಲ್ಲಿಗೆ ಮುಗಿಯಿತು. ಮೊದಲ ಅಂಕಿಗಳೇ ತಪ್ಪಿದ್ದರೆ, ಅಥವಾ ಸಂಖ್ಯೆಯೇ ಅಲ್ಲದ ‘ನ್ಯಾನ್’ ಬಂದಿದ್ದರೆ, ಮುಂದೆ ಹೋಗಬೇಕು.

ಕೋಡ್‌ನ ಪಾಲಿನ ತಪ್ಪುಗಳು

ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಅಗ್ಗದ ಪರೀಕ್ಷೆ: 72ನೆಯ ಕಾಲಂ. ಸ್ಥಿರ ವಿನ್ಯಾಸದ ಫೋರ್ಟ್ರಾನ್‌ನಲ್ಲಿ 1ರಿಂದ 5ರವರೆಗಿನ ಕಾಲಂಗಳು ಲೇಬಲ್‌ಗೆ, 6ನೆಯದು ಹಿಂದಿನ ಸಾಲಿನ ಮುಂದುವರಿಕೆಯನ್ನು ಸೂಚಿಸುವುದಕ್ಕೆ, 7ರಿಂದ 72 ಹೇಳಿಕೆಗೆ ಮೀಸಲು. ಅದರಾಚೆ ಬರೆದದ್ದನ್ನು ಕಂಪೈಲರ್ ಓದುವುದಿಲ್ಲ. ಪಂಚ್ ಕಾರ್ಡ್ ಕಾಲದ ಈ ನಿಯಮ ಇಂದಿಗೂ ಪ್ರಾಣ ಹಿಂಡುವುದು ಯಾವಾಗ ಎಂದರೆ, ಯಾರೋ ಎಡಿಟರ್‌ನಲ್ಲಿ ಅಂಚು ಸರಿಪಡಿಸಲು ಹೋಗಿ ಸಾಲನ್ನು ನಾಲ್ಕು ಅಕ್ಷರ ಬಲಕ್ಕೆ ತಳ್ಳಿದಾಗ. ವೇರಿಯಬಲ್ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ. ಉಳಿದ ಮುಂಡವನ್ನೇ ಭಾಷೆ ಹೊಸ ವೇರಿಯಬಲ್ ಎಂದು ಒಪ್ಪಿಕೊಳ್ಳುತ್ತದೆ, ಏಕೆಂದರೆ ಘೋಷಿಸದ ಹೆಸರು ಐ ಇಂದ ಎನ್‌ವರೆಗಿನ ಅಕ್ಷರದಿಂದ ಶುರುವಾದರೆ ಪೂರ್ಣಾಂಕ, ಉಳಿದದ್ದೆಲ್ಲ ರಿಯಲ್ ಎಂಬುದು ಅದರ ಸಹಜ ನಿಯಮ. ಬೆಲೆಯೇ ತುಂಬದ ಆ ಹೊಸ ವೇರಿಯಬಲ್‌ನಲ್ಲಿ ‘ಓ0’ ಮಟ್ಟದಲ್ಲಿ ಅದೃಷ್ಟವಶಾತ್ ಸೊನ್ನೆ ಇರಬಹುದು, ‘ಓ2’ ಮಟ್ಟದಲ್ಲಿ ಏನು ಬೇಕಾದರೂ ಇರಬಹುದು. ‘ಡಬ್ಲ್ಯೂಲೈನ್-ಟ್ರಂಕೇಶನ್’ ಎಚ್ಚರಿಕೆಯನ್ನೂ ‘ಎಫ್‌ಇಂಪ್ಲಿಸಿಟ್-ನನ್’ ಆಯ್ಕೆಯನ್ನೂ ಒಟ್ಟಿಗೆ ಹಾಕಿ ಕಂಪೈಲ್ ಮಾಡಿದರೆ ಈ ಜಾತಿಯ ತಪ್ಪು ಕೂಡಲೇ ಹೊರಬೀಳುತ್ತದೆ. ಖಾಲಿ ಜಾಗಕ್ಕೆ ಬೆಲೆಯಿಲ್ಲದ ಈ ವಿನ್ಯಾಸದಲ್ಲಿ, ‘ಡು 10 ಐ = 1, 10’ ಎಂಬಲ್ಲಿ ಅಲ್ಪವಿರಾಮದ ಬದಲು ಚುಕ್ಕೆ ಬಿದ್ದರೆ ಲೂಪ್ ಮಾಯವಾಗಿ ‘ಡು10ಐ’ ಎಂಬ ವೇರಿಯಬಲ್‌ಗೆ 1.10 ಎಂಬ ಬೆಲೆ ತುಂಬುವ ಸಾಲಾಗಿಬಿಡುತ್ತದೆ. ಅದನ್ನು ಹಿಡಿಯುವುದೂ ಇದೇ ಆಯ್ಕೆ.

ಎರಡನೆಯದು, ಸಬ್‌ರುಟೀನ್‌ನ ಒಳಗಿನ ವೇರಿಯಬಲ್‌ಗಳು ಮುಂದಿನ ಕರೆಯವರೆಗೂ ತಮ್ಮ ಬೆಲೆ ಉಳಿಸಿಕೊಳ್ಳುತ್ತವೆ ಎಂಬ ನಂಬಿಕೆ. ಹಳೆಯ ಕಂಪೈಲರ್‌ಗಳು ಅವನ್ನು ಸ್ಥಿರವಾದ ಮೆಮೊರಿ ಜಾಗದಲ್ಲೇ ಇಡುತ್ತಿದ್ದುದರಿಂದ ‘ಸೇವ್’ ಎಂದು ಬರೆಯದಿದ್ದರೂ ಕೆಲಸ ನಡೆಯುತ್ತಿತ್ತು. ಈಗ ಅವು ಕರೆ ಮುಗಿದೊಡನೆ ತೆರವಾಗುವ ಮೆಮೊರಿಯಾದ ಸ್ಟ್ಯಾಕ್‌ನಲ್ಲಿ ಅಥವಾ ಪ್ರೊಸೆಸರ್‌ನೊಳಗಿನ ಪುಟ್ಟ ಜಾಗವಾದ ರಿಜಿಸ್ಟರ್‌ನಲ್ಲಿ ಇರುತ್ತವೆ. ಜಿಫೋರ್ಟ್ರಾನ್‌ನಲ್ಲಿ ಇದಕ್ಕೊಂದು ವಿಚಿತ್ರ ತಿರುವೂ ಇದೆ: ಗಾತ್ರ ಗೊತ್ತಿರುವ ಸ್ಥಳೀಯ ಅರೇ ಒಂದು ಮಿತಿಯನ್ನು ದಾಟಿದರೆ, ಇತ್ತೀಚಿನ ಆವೃತ್ತಿಗಳಲ್ಲಿ ಈ ಮಿತಿ 65536 ಬೈಟ್, ಅದನ್ನು ಸ್ಥಿರ ಜಾಗಕ್ಕೆ ಸರಿಸಲಾಗುತ್ತದೆ. ಹಾಗಾಗಿ ದೊಡ್ಡ ಅರೇ ಇರುವಾಗ ಸರಿಯಾಗಿ ಓಡಿದ ಪ್ರೋಗ್ರಾಂ, ಅರೇಯನ್ನು ಚಿಕ್ಕದು ಮಾಡಿದ ಮೇಲೆ ಹಾಳಾಗಬಹುದು. ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚಿ ಓಡಿಸುವ ‘ಎಫ್‌ಓಪನ್‌ಎಂಪಿ’ ಹಾಕಿದ ಕ್ಷಣ ಈ ಏರ್ಪಾಡು ಮತ್ತೆ ತಲೆಕೆಳಗಾಗಿ ಸ್ಥಳೀಯ ಅರೇಗಳೆಲ್ಲ ಸ್ಟ್ಯಾಕ್‌ಗೆ ಹೋಗುತ್ತವೆ, ಸ್ಟ್ಯಾಕ್ ಸಾಲದೆ ‘ಸೆಗ್ಮೆಂಟೇಶನ್ ಫಾಲ್ಟ್’ ಬರುತ್ತದೆ, ಬೈಗುಳ ಮಾತ್ರ ಕಂಪೈಲರ್‌ಗೆ ಸಿಗುತ್ತದೆ. ಇಲ್ಲಿನ ಪರೀಕ್ಷೆ ಸರಳ. ‘ಎಫ್‌ನೋ-ಆಟೋಮ್ಯಾಟಿಕ್’ ಹಾಕಿದಾಗ ದೋಷ ಮರೆಯಾದರೆ ಎಲ್ಲೋ ‘ಸೇವ್’ ಬಿಟ್ಟುಹೋಗಿದೆ. ‘ಎಫ್‌ಇನಿಟ್-ಲೋಕಲ್-ಝೀರೋ’ ಹಾಕಿದಾಗ ಮರೆಯಾದರೆ ಎಲ್ಲೋ ಬೆಲೆ ತುಂಬದ ವೇರಿಯಬಲ್ ಇದೆ. ಇವೆರಡೂ ಪರೀಕ್ಷೆಯ ಸಾಧನಗಳು, ಪರಿಹಾರಗಳಲ್ಲ. ಜಾಗ ಹುಡುಕಲು ‘ಎಫ್‌ಇನಿಟ್-ರಿಯಲ್=ಎಸ್‌ನ್ಯಾನ್’ ಮತ್ತು ‘ಎಫ್‌ಎಫ್‌ಪಿಇ-ಟ್ರ್ಯಾಪ್=ಇನ್‌ವ್ಯಾಲಿಡ್’ ಎರಡನ್ನೂ ಜೊತೆಯಾಗಿ ಹಾಕಿದರೆ ಅಂಥ ವೇರಿಯಬಲ್ ಮೊದಲ ಬಾರಿ ಲೆಕ್ಕಕ್ಕೆ ಬಂದಲ್ಲೇ ಪ್ರೋಗ್ರಾಂ ನಿಲ್ಲುತ್ತದೆ. ಈ ಬಲೆಯಿಂದ ತಪ್ಪಿಸಿಕೊಂಡದ್ದನ್ನು ಮೆಮೊರಿ ಬಳಕೆಯನ್ನು ಗಮನಿಸುವ ವ್ಯಾಲ್‌ಗ್ರಿಂಡ್ ಉಪಕರಣ ಹಿಡಿಯಬಹುದು.

ಮೂರನೆಯದು ಅರೇಯ ಗಡಿ. ಫೋರ್ಟ್ರಾನ್ 77ಕ್ಕೂ ಹಿಂದಿನ ರೂಢಿಯಂತೆ ಸಬ್‌ರುಟೀನ್‌ಗೆ ಬರುವ ಅರೇಯ ಅಳತೆಯನ್ನು ಬರಿಯ 1 ಎಂದು ಘೋಷಿಸಿ ಒಳಗೆ ಸಾವಿರ ಅಂಶಗಳನ್ನು ಮುಟ್ಟುವ ಕೋಡ್ ಇಂದಿಗೂ ಹೇರಳವಾಗಿದೆ. ಘೋಷಿತ ಗಡಿಯನ್ನು ಯಾರೂ ಮೀರುವುದಿಲ್ಲ ಎಂದು ಭಾಷೆ ಭರವಸೆ ಕೊಟ್ಟಿರುವುದರಿಂದ, ಆಪ್ಟಿಮೈಸರ್ ಆ ಭರವಸೆಯ ಮೇಲೆ ಲೂಪ್ ಎಷ್ಟು ಸುತ್ತು ತಿರುಗಬಹುದೆಂದು ಊಹಿಸುತ್ತದೆ. 2013ರಲ್ಲಿ ಬಂದ ಜಿಸಿಸಿ 4.8 ಈ ಊಹೆಯನ್ನು ಮೊದಲಿಗಿಂತ ಕಟುವಾಗಿ ಮಾಡತೊಡಗಿತು. ನಿಯಮ ಪಾಲಿಸದ ಪ್ರೋಗ್ರಾಂಗಳು ಇನ್ನು ಮುಂದೆ ನಿರೀಕ್ಷೆಯಂತೆ ಓಡದಿರಬಹುದು ಎಂದು ಅದರ ಬಿಡುಗಡೆ ಟಿಪ್ಪಣಿಯೇ ಎಚ್ಚರಿಸಿ, ವೇಗ ಅಳೆಯುವ ಸ್ಪೆಕ್ ಸಿಪಿಯು 2006 ಸಂಚಿಕೆಯ 416.ಗೇಮೆಸ್ ಎಂಬ ಫೋರ್ಟ್ರಾನ್ ಪ್ರೋಗ್ರಾಂ ಅನ್ನು ಹೆಸರಿಸಿತು. ಹಳೆಯ ನಡವಳಿಕೆ ಬೇಕೆನ್ನುವವರಿಗೆ ‘ಎಫ್‌ನೋ-ಅಗ್ರೆಸಿವ್-ಲೂಪ್-ಆಪ್ಟಿಮೈಸೇಶನ್ಸ್’ ಎಂಬ ಆಯ್ಕೆಯನ್ನೂ ಕೊಟ್ಟಿತು. ತಪಾಸಣೆಗೆ ‘ಎಫ್‌ಚೆಕ್=ಬೌಂಡ್ಸ್’ ಇದೆ. ಆದರೆ 1 ಎಂಬ ಅಳತೆಯನ್ನು ನಕ್ಷತ್ರ ಚಿಹ್ನೆಗೆ ಬದಲಿಸಿದರೆ ಕೊನೆಯ ಆಯಾಮವೇ ಈ ತಪಾಸಣೆಯಿಂದ ಹೊರಗುಳಿಯುತ್ತದೆ; ನಿಜವಾದ ಅಳತೆಯನ್ನು ಇನ್ನೊಂದು ಆರ್ಗ್ಯುಮೆಂಟ್ ಆಗಿ ಕಳುಹಿಸಿ ಘೋಷಣೆಯಲ್ಲಿ ಬಳಸುವುದೇ ಗಟ್ಟಿ ಕೆಲಸ.

ನಾಲ್ಕನೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ‘ಓ0’ ಕೊಟ್ಟದ್ದೇ ಸರಿಯಾದ ಉತ್ತರ ಎಂಬ ಭ್ರಮೆಯನ್ನು ಅದು ಒಡೆಯುತ್ತದೆ. ಎ ಎಂಬ ಅರೇಯ ಎಲ್ಲ ಅಂಶಗಳನ್ನೂ ಎಸ್ ಎಂಬ ಸಂಖ್ಯೆಯಿಂದ ಭಾಗಿಸುವ ಒಂದು ಸಬ್‌ರುಟೀನ್ ಇದೆ ಎಂದುಕೊಳ್ಳೋಣ. ಮೊದಲ ಅಂಶ 1 ಆಗುವಂತೆ ಇಡೀ ಅರೇಯನ್ನು ತಗ್ಗಿಸಲು ಬಯಸಿದವರು ಅರೇಯ ಜೊತೆಗೆ ಎ(1) ಅನ್ನೇ ಎಸ್ ಸ್ಥಾನದಲ್ಲಿ ಕಳುಹಿಸುತ್ತಾರೆ. ಫೋರ್ಟ್ರಾನ್‌ನಲ್ಲಿ ಆರ್ಗ್ಯುಮೆಂಟ್‌ಗಳು ಸಾಮಾನ್ಯವಾಗಿ ವಿಳಾಸದ ಮೂಲಕ ಹೋಗುತ್ತವೆ. ‘ಓ0’ ಮಟ್ಟದಲ್ಲಿ ಪ್ರತಿ ಸುತ್ತಿನಲ್ಲೂ ಎಸ್ ಅನ್ನು ಮೆಮೊರಿಯಿಂದ ಮತ್ತೆ ಓದಲಾಗುತ್ತದೆ. ಮೊದಲ ಸುತ್ತಿನಲ್ಲೇ ಎ(1) ತನ್ನಿಂದಲೇ ಭಾಗವಾಗಿ 1 ಆಗುವುದರಿಂದ ಉಳಿದ ಅಂಶಗಳೆಲ್ಲ 1ರಿಂದ ಭಾಗವಾಗಿ ಇದ್ದಂತೆಯೇ ಉಳಿಯುತ್ತವೆ. ‘ಓ2’ ಮಟ್ಟದಲ್ಲಿ ಎಸ್‌ನ ಬೆಲೆ ಒಮ್ಮೆ ರಿಜಿಸ್ಟರ್‌ಗೆ ಬಂದು ಅಲ್ಲೇ ನಿಂತರೆ, ಬರೆದವರು ಬಯಸಿದ ಉತ್ತರವೇ ಬರುತ್ತದೆ. ಎರಡು ಉತ್ತರಗಳೂ ಭಾಷೆಯ ದೃಷ್ಟಿಯಿಂದ ಸಮ್ಮತ, ಏಕೆಂದರೆ ಒಂದೇ ಜಾಗವನ್ನು ಎರಡು ಹೆಸರಿನಿಂದ ಕಳುಹಿಸಿ ಒಂದರ ಮೂಲಕ ಬದಲಿಸುವುದನ್ನೇ ಫೋರ್ಟ್ರಾನ್ ನಿಷೇಧಿಸಿದೆ. ಇಂಥ ಕರೆಗಳನ್ನು ಹಿಡಿಯುವ ಸ್ವಯಂಚಾಲಿತ ತಪಾಸಣೆ ದುರ್ಬಲವಾಗಿರುವುದರಿಂದ, ಅನುಮಾನ ಬಂದ ಕರೆಯಲ್ಲಿ ಆರ್ಗ್ಯುಮೆಂಟ್ ಅನ್ನು ಆವರಣದೊಳಗೆ ಹಾಕಿ ಕಳುಹಿಸಿ ನೋಡಬೇಕು. ಆವರಣ ಹಾಕಿದಾಗ ಅದು ಕೇವಲ ಒಂದು ಬೆಲೆಯಾಗಿ, ನಕಲು ಪ್ರತಿಯಾಗಿ ಹೋಗುತ್ತದೆ. ದೋಷ ನಿಂತರೆ ಕಾರಣ ಸಿಕ್ಕಂತೆ.

ಸ್ಥಿರಾಂಕ 4 ಅನ್ನು ಕಳುಹಿಸಿ ಸಬ್‌ರುಟೀನ್‌ನ ಒಳಗೆ ಅದಕ್ಕೆ 1 ಸೇರಿಸುವುದು ಇದರದೇ ಅಣ್ಣ. ಹಳೆಯ ಕಂಪೈಲರ್‌ಗಳಲ್ಲಿ ಹೀಗೆ ಮಾಡಿದರೆ ಪ್ರೋಗ್ರಾಂನಲ್ಲಿ ಬೇರೆಡೆ ಇದ್ದ 4 ಕೂಡ 5 ಆಗಿಬಿಡಬಹುದಿತ್ತು. ಈಗ ಸ್ಥಿರಾಂಕಗಳು ಬರೆಯಲಾಗದ ಜಾಗದಲ್ಲಿರುವುದರಿಂದ ಪ್ರೋಗ್ರಾಂ ಕುಸಿಯುತ್ತದೆ, ಮತ್ತು ಕುಸಿಯುವುದೇ ವಾಸಿ. ಕರೆಯುವ ಕಡೆ ಒಂದು ಬಗೆ, ಬರೆದ ಕಡೆ ಇನ್ನೊಂದು ಬಗೆ ಇರುವ ಆರ್ಗ್ಯುಮೆಂಟ್‌ಗಳನ್ನು 2020ರ ಜಿಸಿಸಿ 10ರಿಂದ ಜಿಫೋರ್ಟ್ರಾನ್ ದೋಷವೆಂದೇ ತಿರಸ್ಕರಿಸುತ್ತದೆ. ‘ಎಫ್‌ಅಲೌ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್’ ಹಾಕಿ ಅದನ್ನು ಎಚ್ಚರಿಕೆಯ ಮಟ್ಟಕ್ಕೆ ಇಳಿಸಬಹುದು, ಆದರೆ ಇಳಿಸುವ ಮೊದಲು ಆ ಪಟ್ಟಿಯನ್ನು ಒಮ್ಮೆ ಪೂರ್ತಿ ಓದಬೇಕು; ಹುಡುಕುತ್ತಿರುವ ದೋಷ ಅದರಲ್ಲೇ ಕುಳಿತಿರಬಹುದು.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಕಂಪೈಲರ್ ಲೂಪ್ ಅನ್ನೇ ಹಾರಿಸಿತು ಎಂಬ ದೂರು ಬಂದರೆ ಕೋಡ್ ಫೋರ್ಟ್ರಾನ್ 66ರ ಕಾಲದ್ದೇ ಎಂದು ನೋಡಬೇಕು: ಆಗಿನ ಬಹಳಷ್ಟು ಕಂಪೈಲರ್‌ಗಳಲ್ಲಿ ‘ಡು’ ಲೂಪ್ ಕಡಿಮೆ ಎಂದರೂ ಒಂದು ಸುತ್ತು ತಿರುಗುತ್ತಿತ್ತು, ಫೋರ್ಟ್ರಾನ್ 77ರಿಂದ ಸೊನ್ನೆ ಸುತ್ತೂ ಆಗಬಹುದು. ಪೂರ್ಣಾಂಕ ಉಕ್ಕಿ ಸುತ್ತು ಹೊಡೆಯುವುದನ್ನೇ ನೆಚ್ಚಿಕೊಂಡ ಹಳೆಯ ಯಾದೃಚ್ಛಿಕ ಸಂಖ್ಯೆಗಳ ಸಬ್‌ರುಟೀನ್‌ಗಳು ಜಿಸಿಸಿ 13ರ ಹೊಸ ಆಪ್ಟಿಮೈಸೇಶನ್‌ಗಳಿಂದ ಹಾಳಾಗಬಹುದೆಂದು ಆ ಆವೃತ್ತಿಯ ಟಿಪ್ಪಣಿಯೇ ಹೇಳಿದೆ; ‘ಎಫ್‌ಸ್ಯಾನಿಟೈಝ್=ಅನ್‌ಡಿಫೈನ್ಡ್’ ಅದನ್ನು ತೋರಿಸಿಕೊಡುತ್ತದೆ, ‘ಎಫ್‌ರ್‍ಯಾಪ್‌ವಿ’ ಹಳೆಯ ನಡವಳಿಕೆ ಮರಳಿಸುತ್ತದೆ. ‘ಆಂಡ್’ ಸೇರಿಸಿದ ಎರಡು ಷರತ್ತುಗಳಲ್ಲಿ ಮೊದಲನೆಯದು ಸುಳ್ಳಾದರೆ ಎರಡನೆಯದನ್ನು ನೋಡುವುದಿಲ್ಲ ಎಂಬ ಖಾತರಿ ಫೋರ್ಟ್ರಾನ್‌ನಲ್ಲಿ ಇಲ್ಲ. ಹೀಗಾಗಿ ಐ ಸೊನ್ನೆಗಿಂತ ದೊಡ್ಡದು ಎಂಬ ಷರತ್ತಿನ ಜೊತೆಯಲ್ಲೇ ಎ(ಐ) ಅನ್ನು ಮುಟ್ಟುವ ಸಾಲು ಯಾವತ್ತಿದ್ದರೂ ಅಪಾಯವೇ.

ದಶಮಾಂಶ ಲೆಕ್ಕದ ನಡುಗಾಡು

32 ಬಿಟ್‌ನ ಇಂಟೆಲ್ ಯಂತ್ರಗಳ ಹಳೆಯ ಎಕ್ಸ್87 ಘಟಕ ಲೆಕ್ಕವನ್ನು 80 ಬಿಟ್‌ನ ರಿಜಿಸ್ಟರ್‌ಗಳಲ್ಲಿ ಮಾಡುತ್ತದೆ. ಅವುಗಳ ನಿಖರತೆ 64 ಬಿಟ್, ಮೆಮೊರಿಗೆ ಬರೆದ ಡಬಲ್ ಪ್ರಿಸಿಷನ್ ಸಂಖ್ಯೆಯದು 53 ಬಿಟ್. ಹಾಗಾಗಿ ರಿಜಿಸ್ಟರ್‌ನಲ್ಲೇ ಉಳಿದ ಬೆಲೆಗೂ ಮೆಮೊರಿಗೆ ಹೋಗಿ ಮರಳಿದ ಅದೇ ಬೆಲೆಗೂ ಸಮತೆ ಇರುವುದಿಲ್ಲ, ಎರಡು ಸಂಖ್ಯೆ ಸಮವಾಗುವವರೆಗೆ ತಿರುಗಬೇಕಿದ್ದ ಲೂಪ್ ಕೊನೆಯಿಲ್ಲದೆ ತಿರುಗುತ್ತದೆ. ಜಿಸಿಸಿಯ ದೋಷಪಟ್ಟಿಯಲ್ಲಿ 2000ದಲ್ಲಿ ದಾಖಲಾದ 323ನೆಯ ದೂರು ಇದೇ ಬಗೆಯದು, ಮತ್ತು ಅದು ಕಂಪೈಲರ್‌ನ ತಪ್ಪೋ ಯಂತ್ರದ ಸ್ವಭಾವವೋ ಎಂಬ ಜಗಳ ಅಲ್ಲಿ ಬಹುಕಾಲ ನಡೆಯಿತು. ಎಕ್ಸ್87 ಬದಲು ಪ್ರೊಸೆಸರ್‌ನ ಎಸ್‌ಎಸ್‌ಇ2 ಎಂಬ ಹೊಸ ಬಗೆಯ ಸೂಚನೆಗಳನ್ನು ಬಳಸುವಂತೆ ಹೇಳಿದರೆ ಸಮಸ್ಯೆಯೇ ಇಲ್ಲವಾಗುತ್ತದೆ. 64 ಬಿಟ್ ಯಂತ್ರಗಳಲ್ಲಿ ಅದೇ ಸಹಜ ಏರ್ಪಾಡು. ಅದು ಸಾಧ್ಯವಿಲ್ಲದ ಹಳೆಯ ಯಂತ್ರದಲ್ಲಿ ‘ಎಫ್‌ಫ್ಲೋಟ್-ಸ್ಟೋರ್’ ಅರ್ಧ ಪರಿಹಾರ.

ಇದನ್ನು ಕೋಡ್‌ನಲ್ಲೇ ಎದುರಿಸಿದ ಒಂದು ಹಳೆಯ ಜಾಣತನ ಮ್ಯಾಟ್ರಿಕ್ಸ್ ಲೆಕ್ಕಗಳ ಲ್ಯಾಪ್ಯಾಕ್ ಲೈಬ್ರರಿಯಲ್ಲಿದೆ. ಯಂತ್ರದ ನಿಖರತೆಯನ್ನು ಅಳೆಯುವ ಡಿಲ್ಯಾಮ್ಚ್ ಎಂಬ ಫಂಕ್ಷನ್‌ನ ಫೈಲ್‌ನಲ್ಲಿ ಡಿಲ್ಯಾಮ್ಸಿ3 ಎಂಬ ಇನ್ನೊಂದು ಪುಟ್ಟ ಫಂಕ್ಷನ್ ಇದೆ. ಎರಡು ಸಂಖ್ಯೆಗಳನ್ನು ಕೂಡಿಸಿ ಮರಳಿಸುವುದಷ್ಟೇ ಅದರ ಕೆಲಸ. ಕೂಡಿಸಲು ಫಂಕ್ಷನ್ ಏಕೆ ಬೇಕು ಎಂದು ನಗುವ ಮೊದಲು ಉದ್ದೇಶ ಗಮನಿಸಬೇಕು: ಸಂಖ್ಯೆಗಳು ಆಪ್ಟಿಮೈಸರ್‌ನ ರಿಜಿಸ್ಟರ್‌ನಲ್ಲಿ ಅಡಗಿ ಕೂರದೆ ಮೆಮೊರಿಗೆ ಹೋಗುವಂತೆ ಒತ್ತಾಯಿಸುವುದಕ್ಕೆ. ಇಷ್ಟೂ ಸಾಲದೆಂದು ಲ್ಯಾಪ್ಯಾಕ್‌ನ ಮೇಕ್‌ಫೈಲ್ (ಕಂಪೈಲ್ ಮಾಡುವ ಕ್ರಮ ಬರೆದಿಟ್ಟ ಫೈಲ್) ಆ ಫೈಲ್‌ನಂಥ ಕೆಲವನ್ನು ಮಾತ್ರ ಆಪ್ಟಿಮೈಸೇಶನ್ ಇಲ್ಲದೆ ಕಂಪೈಲ್ ಮಾಡುತ್ತದೆ. ಬಳಸುದಾರಿಯ ವ್ಯಾಪ್ತಿ ಎಷ್ಟಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಕಾಣೆ. ಹೊಸ ಆವೃತ್ತಿಗಳಲ್ಲಿ ಡಿಲ್ಯಾಮ್ಚ್ ಅಳೆಯುವ ಗೋಜಿಗೇ ಹೋಗದೆ ಭಾಷೆಯ ‘ಎಪ್ಸಿಲಾನ್’, ‘ಟೈನಿ’, ‘ಹ್ಯೂಜ್’ ಎಂಬ ಅಂತರ್ಗತ ಫಂಕ್ಷನ್‌ಗಳನ್ನೇ ಕೇಳುತ್ತದೆ.

ವೇಗಕ್ಕಾಗಿ ಲೆಕ್ಕದ ನಿಯಮಗಳನ್ನೇ ಸಡಿಲಿಸುವ ‘ಓಫಾಸ್ಟ್’ ಅಥವಾ ‘ಎಫ್‌ಫಾಸ್ಟ್-ಮ್ಯಾತ್’ ಹಾಕಿಕೊಂಡು ಬಂದ ದೂರನ್ನು ಮಾತ್ರ ವಿಚಾರಣೆಗೇ ತೆಗೆದುಕೊಳ್ಳಬಾರದು. ದುಂಡಾಗಿಸುವಾಗ ಕಳೆದುಹೋದ ಉಳಿಕೆಯನ್ನು ಕಾಹನ್ ಕ್ರಮದಲ್ಲಿ ಸೇರಿಸುತ್ತಾ ಕೂಡುವ ಲೂಪ್‌ನಲ್ಲಿ ಆ ಉಳಿಕೆ ಬೀಜಗಣಿತದ ಪ್ರಕಾರ ಸೊನ್ನೆ ಎಂದು ಹೇಳಿ ಅಳಿಸಿಹಾಕುವ ಅಧಿಕಾರವನ್ನು ಆ ಆಯ್ಕೆಗಳೇ ಕಂಪೈಲರ್‌ಗೆ ಕೊಟ್ಟಿರುತ್ತವೆ.

ದೋಷದ ಜಾಗವನ್ನು ಕಿರಿದು ಮಾಡುವುದು

ಮೇಲಿನದೆಲ್ಲ ಮುಗಿದೂ ದೋಷ ಉಳಿದಿದ್ದರೆ ಕಂಪೈಲರ್ ಮೇಲಿನ ಅನುಮಾನಕ್ಕೆ ಈಗ ತೂಕ ಬಂದಿದೆ. ಇಡೀ ಪ್ರೋಗ್ರಾಂ ಅನ್ನು ‘ಓ0’ ಮತ್ತು ‘ಓ2’ ಮಟ್ಟಗಳಲ್ಲಿ ಎರಡು ಬೇರೆ ಡೈರೆಕ್ಟರಿಗಳಲ್ಲಿ ಕಂಪೈಲ್ ಮಾಡಿಟ್ಟು, ಕಂಪೈಲ್ ಆಗಿ ಬಂದ ಆಬ್ಜೆಕ್ಟ್ ಫೈಲ್‌ಗಳಲ್ಲಿ ಅರ್ಧವನ್ನು ಒಂದರಿಂದ, ಉಳಿದರ್ಧವನ್ನು ಇನ್ನೊಂದರಿಂದ ತೆಗೆದು ಲಿಂಕ್ ಮಾಡಿ ಓಡಿಸಬೇಕು. ಪ್ರತಿ ಸಲ ಅನುಮಾನದ ಪಾಲು ಅರ್ಧವಾಗುವುದರಿಂದ 64 ಫೈಲ್‌ಗಳ ಪ್ರೋಗ್ರಾಂನಲ್ಲಿ ಆರು ಸಲ ಲಿಂಕ್ ಮಾಡುವಷ್ಟರಲ್ಲಿ ತಪ್ಪಿತಸ್ಥ ಫೈಲ್ ಸಿಗುತ್ತದೆ. ಎರಡು ಷರತ್ತುಗಳಿವೆ. ಆಪ್ಟಿಮೈಸೇಶನ್ ಮಟ್ಟವೊಂದನ್ನು ಬಿಟ್ಟು ಉಳಿದ ಆಯ್ಕೆಗಳು, ಅದರಲ್ಲೂ ರಿಯಲ್ ಸಂಖ್ಯೆಯ ಅಳತೆ ಬದಲಿಸುವಂಥವು, ಎರಡೂ ಕಡೆ ಒಂದೇ ಇರಬೇಕು. ಮತ್ತು ಲಿಂಕ್ ಸಮಯದ ಆಪ್ಟಿಮೈಸೇಶನ್ ಆಫ್ ಆಗಿರಬೇಕು, ಇಲ್ಲವಾದರೆ ಫೈಲ್‌ಗಳ ನಡುವಿನ ಗೋಡೆಯೇ ಇರುವುದಿಲ್ಲ.

ಫೈಲ್ ಸಿಕ್ಕ ಮೇಲೆ ಅದರ ಸಬ್‌ರುಟೀನ್‌ಗಳನ್ನು ಬೇರೆ ಬೇರೆ ಫೈಲ್‌ಗಳಾಗಿ ಒಡೆದು ಅದೇ ಆಟ ಮುಂದುವರಿಸಬೇಕು. ಈ ಹಂತದಲ್ಲಿ ಬೆಲೆ ನೋಡಲೆಂದು ನಡುವೆ ಒಂದು ‘ರೈಟ್’ ಹೇಳಿಕೆ ಸೇರಿಸಿದ ಕೂಡಲೇ ದೋಷ ಮರೆಯಾಗುವುದು ತೀರ ಸಾಮಾನ್ಯ. ಆ ಹೇಳಿಕೆ ವೇರಿಯಬಲ್ ಅನ್ನು ಮೆಮೊರಿಗೆ ಬರೆಯುವಂತೆ ಮಾಡಿ ಆಪ್ಟಿಮೈಸರ್‌ನ ಕೈ ಕಟ್ಟಿರುತ್ತದೆ. ಇದು ಒಂದು ಸುಳಿವು. ಇದನ್ನೇ ಪರಿಹಾರವೆಂದು ಬಿಟ್ಟು ಎದ್ದುಹೋದವರ ಗುರುತಾಗಿ, ಯಾಕಿದೆ ಎಂದು ಯಾರಿಗೂ ಗೊತ್ತಿಲ್ಲದ ಖಾಲಿ ‘ರೈಟ್’ ಸಾಲುಗಳು ಎಷ್ಟೋ ಹಳೆಯ ಪ್ರೋಗ್ರಾಂಗಳಲ್ಲಿ ಉಳಿದಿವೆ. ಬೆಲೆ ನೋಡಲು ಡಿಬಗರ್ ಬಳಸಬೇಕು.

ಆಮೇಲೆ ಯಾವ ಆಪ್ಟಿಮೈಸೇಶನ್ ಹಂತ ಎಂಬ ಪ್ರಶ್ನೆ. ‘ಕ್ಯೂ’ ಆಯ್ಕೆಯ ಜೊತೆ ‘ಹೆಲ್ಪ್=ಆಪ್ಟಿಮೈಸರ್ಸ್’ (ಇದರ ಮುಂದೆ ಎರಡು ಅಡ್ಡಗೆರೆ) ಕೇಳಿದರೆ ಪ್ರತಿ ಮಟ್ಟದಲ್ಲಿ ಯಾವುದು ಆನ್ ಇದೆ ಎಂಬ ಪಟ್ಟಿ ಬರುತ್ತದೆ. ‘ಓ2’ ಇಟ್ಟುಕೊಂಡೇ ಒಂದೊಂದನ್ನು ‘ನೋ’ ಸೇರಿಸಿ ತೆಗೆಯುತ್ತಾ ಹೋಗಬೇಕು. ‘ಓ1’ ಮಟ್ಟಕ್ಕೆ ಒಂದೊಂದನ್ನೇ ಸೇರಿಸುವ ವಿರುದ್ಧ ದಾರಿ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಕೆಲವು ನಿರ್ಧಾರಗಳು ಮಟ್ಟವನ್ನೇ ನೋಡಿ ಆಗುತ್ತವೆ, ಅವುಗಳಿಗೆ ಪ್ರತ್ಯೇಕ ಆಯ್ಕೆಯೇ ಇಲ್ಲ. ಎಲ್‌ಎಲ್‌ವಿಎಂ ಆಧಾರದ ಫ್ಲ್ಯಾಂಗ್ ಎಂಬ ಇನ್ನೊಂದು ಫೋರ್ಟ್ರಾನ್ ಕಂಪೈಲರ್ ಬಳಸುವವರಿಗೆ ‘ಆಪ್ಟ್-ಬೈಸೆಕ್ಟ್-ಲಿಮಿಟ್’ ಇದೇ ಕೆಲಸವನ್ನು ಸಂಖ್ಯೆಯ ಮೂಲಕ ಮಾಡಿಕೊಡುತ್ತದೆ. ‘ಓ0’ ಮಟ್ಟದಲ್ಲೇ ತಪ್ಪು ಬರುತ್ತಿದ್ದರೆ ‘ಎಫ್‌ಡಂಪ್-ಟ್ರೀ-ಒರಿಜಿನಲ್’ ಫೈಲ್ ತೆರೆದು ನೋಡಬೇಕು: ಅಲ್ಲೇ ತಪ್ಪಿದ್ದರೆ ದೋಷ ಭಾಷೆಯನ್ನು ಓದುವ ಮುಂಭಾಗದ್ದು. ಶುದ್ಧ ಫೋರ್ಟ್ರಾನ್ 77ರ ಮಟ್ಟಿಗೆ ಇದು ಅಪರೂಪ, ಆ ಭಾಗ ದಶಕಗಳಿಂದ ಉಜ್ಜಿಸಿಕೊಂಡಿದೆ. ಹಳೆಯ ಕೋಡ್‌ಗೆ ಯಾರಾದರೂ ಫೋರ್ಟ್ರಾನ್ 2003ರ ವಸ್ತುಗಳನ್ನು ಕಸಿ ಮಾಡಿದ್ದರೆ ಮಾತ್ರ ಆ ಕಡೆ ಮೊದಲು ನೋಡುವುದು ಲೇಸು.

ಉಳಿದ ತುಂಡನ್ನು ಇನ್ನಷ್ಟು ಸಣ್ಣದು ಮಾಡಲು ಸಿ-ರೆಡ್ಯೂಸ್ ಉಪಕರಣವನ್ನು ಸಿ ಅಲ್ಲದ ಭಾಷೆಯ ವಿಧಾನದಲ್ಲಿ ಓಡಿಸಬಹುದು. ಆದರೆ ಕೋಡ್ ಕುಗ್ಗಿಸುವ ಭರದಲ್ಲಿ ಅದು ಬೆಲೆ ತುಂಬುವ ಸಾಲನ್ನೇ ಕಿತ್ತುಹಾಕಿ ಹೊಸ ತಪ್ಪನ್ನು ಹುಟ್ಟಿಸಿಬಿಡುತ್ತದೆ. ಪ್ರತಿ ಹೆಜ್ಜೆಯಲ್ಲೂ ‘ಎಫ್‌ಚೆಕ್=ಆಲ್’ ಸಹಿತ ಮತ್ತು ವ್ಯಾಲ್‌ಗ್ರಿಂಡ್ ಅಡಿಯಲ್ಲಿ ಓಡಿಸಿ ಯಾವ ದೂರೂ ಬಾರದಿದ್ದರೆ ಮಾತ್ರ ಆ ತುಂಡನ್ನು ಒಪ್ಪುವಂತೆ ಪರೀಕ್ಷಾ ಸ್ಕ್ರಿಪ್ಟ್ ಬರೆದಿರಬೇಕು.

ಯಾರದೂ ಪೂರ್ತಿ ತಪ್ಪಲ್ಲದ ಪ್ರಕರಣ

2019ರಲ್ಲಿ ಬೆಳಕಿಗೆ ಬಂದ ಒಂದು ದೋಷವನ್ನು ಇಲ್ಲಿ ಹೇಳಲೇಬೇಕು. ಫೋರ್ಟ್ರಾನ್ ಸಬ್‌ರುಟೀನ್‌ಗೆ ಅಕ್ಷರಮಾಲೆಯನ್ನು ಕಳುಹಿಸುವಾಗ ಅದರ ಉದ್ದವನ್ನು ಜಿಫೋರ್ಟ್ರಾನ್ ಕಣ್ಣಿಗೆ ಕಾಣದ ಹೆಚ್ಚುವರಿ ಆರ್ಗ್ಯುಮೆಂಟ್ ಆಗಿ ಕೊನೆಯಲ್ಲಿ ಸೇರಿಸುತ್ತದೆ. ಲ್ಯಾಪ್ಯಾಕ್‌ನ ಅಕ್ಷರ ಆರ್ಗ್ಯುಮೆಂಟ್‌ಗಳು ಬಹುತೇಕ ಒಂದೇ ಅಕ್ಷರದವು, ಅವುಗಳ ಉದ್ದವನ್ನು ಯಾರೂ ಓದುವುದಿಲ್ಲ. ಹೀಗಾಗಿ ಸಿ ಭಾಷೆಯಿಂದ ಲ್ಯಾಪ್ಯಾಕ್ ಕರೆಯುವವರು, ಸಂಖ್ಯಾಶಾಸ್ತ್ರದ ಆರ್ ಭಾಷೆಯ ಕೋಡ್ ಸೇರಿದಂತೆ, ಆ ಉದ್ದಗಳನ್ನು ಕಳುಹಿಸುವುದನ್ನೇ ಬಿಟ್ಟಿದ್ದರು ಮತ್ತು ಎಲ್ಲವೂ ಬಹುಕಾಲ ಸುಸೂತ್ರವಾಗಿ ನಡೆದಿತ್ತು. ಆಮೇಲೆ, ಸಬ್‌ರುಟೀನ್‌ನ ಕೊನೆಯ ಕೆಲಸ ಇನ್ನೊಂದನ್ನು ಕರೆಯುವುದಾಗಿದ್ದರೆ ಹೊಸ ಸ್ಟ್ಯಾಕ್ ಜಾಗ ತೆಗೆಯದೆ ತನಗೆ ಬಂದ ಆರ್ಗ್ಯುಮೆಂಟ್‌ಗಳ ಜಾಗವನ್ನೇ ಮರುಬಳಸುವ ಆಪ್ಟಿಮೈಸೇಶನ್ ಈ ಕೋಡ್‌ಗೂ ತಗುಲಿತು. ಕರೆದವರು ಮೀಸಲಿಡದೇ ಇದ್ದ ಜಾಗಕ್ಕೆ ಉದ್ದಗಳನ್ನು ಬರೆದಾಗ ಕರೆದವರ ಸ್ಟ್ಯಾಕ್ ಕೆಟ್ಟು ಪ್ರೋಗ್ರಾಂ ಕುಸಿಯಿತು. ನಿಯಮದ ಪ್ರಕಾರ ಕಂಪೈಲರ್ ಸರಿ. ಆದರೂ ಬಳಕೆಯಲ್ಲಿದ್ದ ಕೋಡ್ ಅಪಾರವಾಗಿದ್ದರಿಂದ ‘ಎಫ್‌ಟೇಲ್-ಕಾಲ್-ವರ್ಕರೌಂಡ್’ ಎಂಬ ಆಯ್ಕೆಯನ್ನೇ ಜಿಫೋರ್ಟ್ರಾನ್‌ಗೆ ಸೇರಿಸಲಾಯಿತು, ಆರ್ ಕೂಡ ಉದ್ದಗಳನ್ನು ಕಳುಹಿಸುವ ಕ್ರಮಕ್ಕೆ ಬಂದಿತು. ಸಿ ಮತ್ತು ಫೋರ್ಟ್ರಾನ್ ಬೆರೆತ ಪ್ರೋಗ್ರಾಂ ‘ಓ2’ ಮಟ್ಟದಲ್ಲಿ ಮಾತ್ರ, ಅದೂ ಸಬ್‌ರುಟೀನ್‌ನಿಂದ ಮರಳಿದ ಮೇಲೆ ಕುಸಿಯುತ್ತಿದ್ದರೆ, ಬೇರೆ ಯಾವುದನ್ನೂ ನೋಡುವ ಮೊದಲು ‘ಎಫ್‌ನೋ-ಆಪ್ಟಿಮೈಝ್-ಸಿಬ್ಲಿಂಗ್-ಕಾಲ್ಸ್’ ಹಾಕಿ ಪರೀಕ್ಷಿಸುವುದು ಸಮಯ ಉಳಿಸುತ್ತದೆ.

ಬಳಸುದಾರಿಯನ್ನು ಆರಿಸುವುದು

ದೋಷ ಕಂಪೈಲರ್‌ನದೇ ಎಂದು ಸಣ್ಣ ತುಂಡಿನಿಂದ ಸಾಬೀತಾದ ಮೇಲೆ ಎಲ್ಲಕ್ಕಿಂತ ಒಳ್ಳೆಯದು, ಅದೇ ಲೆಕ್ಕವನ್ನು ನಿಯಮಬದ್ಧವಾದ ಬೇರೆ ರೂಪದಲ್ಲಿ ಬರೆಯುವುದು: ಉದ್ದನೆಯ ಸಾಲನ್ನು ತಾತ್ಕಾಲಿಕ ವೇರಿಯಬಲ್ ಮೂಲಕ ಎರಡು ಮಾಡುವುದು, ಲೂಪ್‌ನೊಳಗಿನ ‘ಇಫ್’ ಅನ್ನು ಹೊರಗೆ ತರುವುದು, ಒಂದೇ ಜಾಗಕ್ಕೆ ಎರಡು ಹೆಸರು ಕೊಡುವ ‘ಇಕ್ವಿವಲೆನ್ಸ್’ ಬಿಟ್ಟು ಪ್ರತ್ಯೇಕ ಅರೇ ಇಡುವುದು. ಇದು ಎಲ್ಲ ಕಂಪೈಲರ್‌ಗಳಲ್ಲೂ ಉಳಿಯುತ್ತದೆ, ಬಿಲ್ಡ್ ವ್ಯವಸ್ಥೆಯನ್ನು ಮುಟ್ಟುವ ಅಗತ್ಯವೂ ಇಲ್ಲ. ಅದು ಆಗದಿದ್ದರೆ ಆ ಒಂದು ಫೈಲ್‌ಗೆ ಮಾತ್ರ ಆ ಒಂದು ಆಪ್ಟಿಮೈಸೇಶನ್ ಹಂತವನ್ನು ನಿಲ್ಲಿಸಬೇಕು. ಹಂತ ಯಾವುದೆಂದು ಗೊತ್ತಾಗದಿದ್ದರೆ ಆ ಫೈಲ್‌ನ ಮಟ್ಟ ಇಳಿಸಬೇಕು. ಆಜ್ಞಾಸಾಲಿನಲ್ಲಿ ‘ಓ’ ಮಟ್ಟ ಎರಡು ಸಲ ಬಂದರೆ ಕೊನೆಯದೇ ಗೆಲ್ಲುತ್ತದೆ ಎಂಬುದನ್ನು ಮರೆತು, ಮೇಕ್‌ಫೈಲ್‌ನಲ್ಲಿ ‘ಓ0’ ಸೇರಿಸಿದ ಮೇಲೂ ಅದರ ಹಿಂದೆಯೇ ‘ಓ2’ ಬಂದು ಬಳಸುದಾರಿ ಜಾರಿಯೇ ಆಗದಿರುವುದುಂಟು. ಬಿಲ್ಡ್ ಲಾಗ್‌ನಲ್ಲಿ ಆ ಫೈಲ್‌ನ ಪೂರ್ಣ ಆಜ್ಞೆಯನ್ನು ಕಣ್ಣಾರೆ ನೋಡಿಯೇ ಮುಂದೆ ಹೋಗಬೇಕು.

ಫೋರ್ಟ್ರಾನ್ 2003ರಲ್ಲಿ ಬಂದ ‘ವೊಲಟೈಲ್’ ಗುಣ ಇನ್ನೊಂದು ಉಪಾಯ. ಒಂದು ಬಿಡಿ ವೇರಿಯಬಲ್‌ಗೆ ಅದನ್ನು ಹಚ್ಚಿದರೆ ಅದರ ಬೆಲೆ ಪ್ರತಿ ಸಲವೂ ಮೆಮೊರಿಯಿಂದಲೇ ಬರುತ್ತದೆ. ಅರೇಗೆ ಹಚ್ಚಿದರೆ ಲೂಪ್‌ನ ವೇಗ ನೆಲಕಚ್ಚುತ್ತದೆ, ಆದ್ದರಿಂದ ಬೇಡ. ಡಿಲ್ಯಾಮ್ಸಿ3ರಂತೆ ಪ್ರತ್ಯೇಕ ಫೈಲ್‌ನ ಫಂಕ್ಷನ್ ಮೂಲಕ ಹಾಯಿಸುವುದೂ ಕೆಲಸ ಮಾಡುತ್ತದೆ, ಆದರೆ ಲಿಂಕ್ ಸಮಯದ ಆಪ್ಟಿಮೈಸೇಶನ್ ಹಾಕಿದ ದಿನ ಆ ತಡೆ ಉರುಳುತ್ತದೆ. ಆವೃತ್ತಿ ನೋಡಿ ಕೋಡ್ ಬದಲಿಸಲು ಪ್ರಿಪ್ರೊಸೆಸರ್ ಬಳಸುವುದಾದರೆ, ಮ್ಯಾಕ್ರೋ ಬಿಚ್ಚಿಕೊಂಡ ಮೇಲೆ ಸಾಲು 72ನೆಯ ಕಾಲಂ ದಾಟದಂತೆಯೂ ನೋಡಬೇಕು. ಇಡೀ ಪ್ರೋಗ್ರಾಂ ಅನ್ನು ‘ಓ0’ ಮಟ್ಟಕ್ಕೆ ಇಳಿಸುವುದು ಬಳಸುದಾರಿಯಲ್ಲ. ಅದು ತನಿಖೆಯನ್ನೇ ಕೈಬಿಟ್ಟಂತೆ.

ಬಳಸುದಾರಿ ಇರುವ ಸಾಲಿನ ಮೇಲೆಯೇ ಒಂದು ಟಿಪ್ಪಣಿ ಇರಬೇಕು: ಯಾವ ಕಂಪೈಲರ್, ಯಾವ ಆವೃತ್ತಿ, ಯಾವ ಆಯ್ಕೆ, ಏನು ತಪ್ಪಾಗುತ್ತಿತ್ತು, ದೋಷಪಟ್ಟಿಯಲ್ಲಿ ದೂರಿನ ಸಂಖ್ಯೆ ಎಷ್ಟು. ದೂರು ಸಲ್ಲಿಸುವಾಗ ಆವೃತ್ತಿಯ ಪೂರ್ಣ ವಿವರ, ಆಜ್ಞಾಸಾಲು, ಕುಗ್ಗಿಸಿದ ಕೋಡ್, ಬಂದ ಮತ್ತು ಬರಬೇಕಿದ್ದ ಉತ್ತರ ಇಷ್ಟಿದ್ದರೆ ಸಾಕು. ಇಡೀ ಪ್ರೋಗ್ರಾಂ ಕಳುಹಿಸಿದರೆ ಅದನ್ನು ತೆರೆದು ನೋಡುವವರೇ ಸಿಗುವುದಿಲ್ಲ. ಕುಗ್ಗಿಸಿದ ಆ ತುಂಡನ್ನು ಪ್ರೋಗ್ರಾಂನ ಪರೀಕ್ಷೆಗಳ ಜೊತೆಗೇ ಇರಿಸಿ, ಬಳಸುದಾರಿಯ ಆಯ್ಕೆಗಳಿಲ್ಲದೆ ಮೂಲ ‘ಓ2’ ಮಟ್ಟದಲ್ಲೇ ಕಂಪೈಲ್ ಆಗುವಂತೆ ಮಾಡಬೇಕು. ಅದು ತಪ್ಪು ಉತ್ತರ ಕೊಡುತ್ತಿರುವವರೆಗೆ ಬಳಸುದಾರಿ ಬೇಕು. ಹೊಸ ಆವೃತ್ತಿಯಲ್ಲಿ ಅದು ಸರಿಯಾದ ಉತ್ತರ ಕೊಟ್ಟರೆ, ದೂರಿನ ಸಂಖ್ಯೆ ಹಿಡಿದು ನೋಡಿ ದೋಷ ನಿಜವಾಗಿ ದುರಸ್ತಿಯಾಗಿದೆಯೋ ಅಥವಾ ಬೇರೆ ಬದಲಾವಣೆಯ ಮರೆಯಲ್ಲಿ ಅಡಗಿದೆಯೋ ಎಂದು ಖಚಿತಪಡಿಸಿಕೊಂಡು, ಬಳಸುದಾರಿಯನ್ನು ತೆಗೆದು, ಎಲ್ಲ ಪರೀಕ್ಷೆಗಳನ್ನೂ ‘ಓ2’ ಮತ್ತು ‘ಓ3’ ಎರಡೂ ಮಟ್ಟಗಳಲ್ಲಿ ಓಡಿಸಬೇಕು.